ಬ್ರಾಡ್‌ವೇಯಲ್ಲೇ ಉಳಿದಿದ್ದರೆ

ನಮ್ಮ ಕಸುಬಿನಲ್ಲಿ ಚರಿತ್ರೆಯ ಪಾಠ ಶುರುವಾಗುವುದೇ ಇಲಿಯಿಂದ. 1928ರ ನವೆಂಬರ್ 18, ನ್ಯೂಯಾರ್ಕಿನ ಕಾಲೊನಿ ಥಿಯೇಟರ್, ‘ಸ್ಟೀಮ್‌ಬೋಟ್ ವಿಲ್ಲಿ’. ಅಲ್ಲಿಂದ ‘ಸ್ನೋ ವೈಟ್’, ಅಲ್ಲಿಂದ ಡಿಸ್ನಿಲ್ಯಾಂಡ್. ಒಂದೇ ದಾರಿ, ಒಬ್ಬನೇ ನಾಯಕ. ಬೆಂಗಳೂರಿನಲ್ಲಿ ಲೈಟ್ ಬಾಕ್ಸ್ ಮುಂದೆ ಕೂತು ಅಮೆರಿಕದ ಟೀವಿ ಸರಣಿಗಳಿಗೆ ಇನ್‌ಬಿಟ್ವೀನ್, ಅಂದರೆ ಎರಡು ಮುಖ್ಯ ಚಿತ್ರಗಳ ನಡುವಿನ ಚಿತ್ರಗಳನ್ನು, ಎಳೆಯುತ್ತಿದ್ದ ಕಾಲದಲ್ಲಿ ನನಗೆ ಸಿಕ್ಕಿದ್ದೂ ಇದೇ ಪಾಠ. ಈಗ ಹುಡುಗ ಹುಡುಗಿಯರಿಗೆ ಅನಿಮೇಷನ್ ಹೇಳಿಕೊಡುವಾಗ ನಾನು ಬೇರೆ ಕಡೆಯಿಂದ ಶುರು ಮಾಡುತ್ತೇನೆ. ಕೋನಿ ಐಲೆಂಡಿನಲ್ಲಿ ಜೋಕರ್ ವೇಷ ಹಾಕುತ್ತಿದ್ದ ಡೇವ್ ಫ್ಲೈಷರ್ ಎಂಬ ಹುಡುಗನಿಂದ.

ಡೇವ್‌ನ ಅಣ್ಣ ಮ್ಯಾಕ್ಸ್ 1883ರಲ್ಲಿ ಕ್ರಾಕೋವ್‌ನಲ್ಲಿ ಹುಟ್ಟಿದವನು. ತಂದೆ ದರ್ಜಿ, ಯಹೂದಿ ಕುಟುಂಬ. ಮ್ಯಾಕ್ಸ್ ಇನ್ನೂ ಮಗುವಾಗಿದ್ದಾಗಲೇ ನ್ಯೂಯಾರ್ಕಿಗೆ ವಲಸೆ ಬಂದರು. ಮ್ಯಾಕ್ಸ್ ಮೊದಲು ‘ಬ್ರೂಕ್ಲಿನ್ ಡೈಲಿ ಈಗಲ್’ ಪತ್ರಿಕೆಯಲ್ಲಿದ್ದ, ಆಮೇಲೆ ‘ಪಾಪ್ಯುಲರ್ ಸೈನ್ಸ್’ ಮಾಸಪತ್ರಿಕೆಯ ಕಲಾ ವಿಭಾಗ ನೋಡಿಕೊಂಡ. ಚಿತ್ರ ಬರೆಯುವ ಕೈಯೂ ಯಂತ್ರ ಬಿಚ್ಚುವ ಕೈಯೂ ಅವನಲ್ಲಿ ಒಂದೇ ಆಗಿದ್ದವು. ಆ ಕಾಲದ ಕಾರ್ಟೂನುಗಳು ಝಟಕಾ ಹೊಡೆದಂತೆ ಚಲಿಸುತ್ತಿದ್ದವು. ಅದು ಅವನಿಗೆ ಹಿಡಿಸಲಿಲ್ಲ. ತಮ್ಮನಿಗೆ ಜೋಕರ್ ವೇಷ ತೊಡಿಸಿ, ಮನೆಯ ತಾರಸಿಗೆ ಕರೆದೊಯ್ದು ಕುಣಿಸಿ ಸಿನಿಮಾ ಕ್ಯಾಮೆರಾದಲ್ಲಿ ಹಿಡಿದ. ಆ ರೀಲನ್ನು ಒಂದೊಂದೇ ಫ್ರೇಮಿನಂತೆ ಗಾಜಿನ ಹಿಂದಿನಿಂದ ಬಿಟ್ಟು, ಗಾಜಿನ ಮೇಲೆ ಹಾಳೆ ಇಟ್ಟು, ಮೂಡಿದ ಆಕಾರದ ಮೇಲೆಯೇ ಪೆನ್ಸಿಲ್ ಓಡಿಸಿದ. ಒಂದು ಚಿತ್ರ ಮುಗಿದರೆ ಮುಂದಿನ ಫ್ರೇಮು. ರೋಟೊಸ್ಕೋಪ್ ಎಂದರೆ ಇಷ್ಟೇ. ಪೇಟೆಂಟಿಗೆ ಅರ್ಜಿ ಹಾಕಿದ್ದು 1915ರಲ್ಲಿ, ಸಿಕ್ಕಿದ್ದು 1917ರಲ್ಲಿ. ಹಾಗೆ ಹುಟ್ಟಿದ ಜೋಕರ್‌ಗೆ ಆಮೇಲೆ ಕೋಕೋ ಎಂದು ಹೆಸರಾಯಿತು.

ಈ ಕೆಲಸ ಮಾಡಿದವರಿಗೆ ಗೊತ್ತಿರುವ ಒಂದು ವಿಷಯವಿದೆ. ಬಟ್ಟೆಯ ಮಡಿಕೆ ಪ್ರತಿ ಫ್ರೇಮಿನಲ್ಲೂ ಜಾಗ ಬದಲಿಸುತ್ತದೆ. ಕಂಡದ್ದನ್ನೆಲ್ಲ ಎಳೆದರೆ ಚಿತ್ರ ಪರದೆಯ ಮೇಲೆ ಗಿಜಿಗುಡುತ್ತದೆ, ಬಿಟ್ಟರೆ ಒಳಗಿನ ಮೈ ಸತ್ತುಹೋಗುತ್ತದೆ. ಯಾವ ಗೆರೆ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಕೈ ತಾನೇ ತೀರ್ಮಾನಿಸಬೇಕು. ಕೋಕೋ ತೊಟ್ಟದ್ದು ಕಪ್ಪು ನಿಲುವಂಗಿ, ಮೂರು ದೊಡ್ಡ ಬಿಳಿ ಗುಂಡಿ. ಮಡಿಕೆಗಳನ್ನೆಲ್ಲ ಕಪ್ಪು ನುಂಗಿತು, ಮೈ ಎತ್ತ ತಿರುಗಿತೆಂದು ಗುಂಡಿಗಳೇ ಹೇಳಿದವು. ಅದು ನೋಟಕ್ಕೆ ಜೋಕರನ ವೇಷ, ಗೆರೆ ಎಳೆಯುವವನಿಗೆ ಅನುಕೂಲಕ್ಕೆ ಒದಗಿದ ವೇಷ.

ಆ ಕೋನಿ ಐಲೆಂಡ್ ಎಂಥದ್ದೆಂದು ತಿಳಿಯದೆ ಫ್ಲೈಷರ್ ಅಣ್ಣತಮ್ಮಂದಿರ ಕಾರ್ಟೂನು ಅರ್ಥವಾಗುವುದಿಲ್ಲ. ಬ್ರೂಕ್ಲಿನ್ನಿನ ದಕ್ಷಿಣದ ತುದಿಯ ಕಡಲತೀರ ಅದು. 1884ರಲ್ಲಿ ಲಮಾರ್ಕಸ್ ಥಾಂಪ್ಸನ್ ಅಲ್ಲಿ ಸ್ವಿಚ್‌ಬ್ಯಾಕ್ ರೈಲ್ವೆ ಓಡಿಸಿದ. ಇವತ್ತಿನ ರೋಲರ್ ಕೋಸ್ಟರ್‌ಗಳ ವಂಶಾವಳಿ ಅಮೆರಿಕದಲ್ಲಿ ಅಲ್ಲಿಗೇ ಹೋಗಿ ಮುಟ್ಟುತ್ತದೆ. 1897ರಲ್ಲಿ ಜಾರ್ಜ್ ಟಿಲ್ಯು ಸ್ಟೀಪಲ್‌ಚೇಸ್ ಪಾರ್ಕ್ ತೆರೆದ. 1903ರಲ್ಲಿ ಫ್ರೆಡರಿಕ್ ಥಾಂಪ್ಸನ್ ಮತ್ತು ಸ್ಕಿಪ್ ಡಂಡಿ ಲೂನಾ ಪಾರ್ಕ್ ತೆರೆದರು. ಸುಮಾರು ಎರಡೂವರೆ ಲಕ್ಷ ವಿದ್ಯುತ್ ದೀಪ, ಚಂದ್ರನಿಗೆ ಹಾರುವ ಹಡಗಿನ ಸವಾರಿ, ಒಳಹೋಗಲು 10 ಸೆಂಟ್. ಮನೆಯಲ್ಲಿ ಇನ್ನೂ ಕರೆಂಟು ಕಾಣದ ಕೂಲಿಕಾರರು ಅಲ್ಲಿ ನಿಂತು ರಾತ್ರಿ ಬೆಳಗುವುದನ್ನು ನೋಡಿದರು. 1904ರಲ್ಲಿ ಅಲ್ಲಿ ದೆಹಲಿಯ ಬೀದಿಯನ್ನೇ ಕಟ್ಟಿ ಆನೆ, ಒಂಟೆಗಳ ದರ್ಬಾರು ಮೆರವಣಿಗೆ ಹೊರಡಿಸಿದರು. ಅದೇ ವರ್ಷ ಪಕ್ಕದಲ್ಲಿ ಡ್ರೀಮ್‌ಲ್ಯಾಂಡ್ ಎದ್ದಿತು.

ಅಲ್ಲಿನ ಕ್ರೌರ್ಯವನ್ನೂ ಹೇಳಬೇಕು. ಲೂನಾ ಪಾರ್ಕ್ ತೆರೆಯುವ ಮೊದಲೇ, 1903ರ ಜನವರಿಯಲ್ಲಿ, ಟಾಪ್ಸಿ ಎಂಬ ಆನೆಯನ್ನು ಆ ಜಾಗದಲ್ಲಿ ವಿದ್ಯುತ್ ಹಾಯಿಸಿ ಕೊಂದರು. ಕುಳ್ಳರನ್ನು, ದೂರದೇಶದ ಬುಡಕಟ್ಟು ಜನರನ್ನು ಪ್ರದರ್ಶನಕ್ಕಿಟ್ಟು ದುಡ್ಡು ಎಣಿಸಿದರು. ನಾನು ಆ ಊರನ್ನು ಸ್ವರ್ಗವೆಂದು ಹೇಳುತ್ತಿಲ್ಲ. ಆದರೆ ಅಲ್ಲಿಯೇ ಮಾರ್ಟಿನ್ ಕೌನಿಯ ಮಳಿಗೆಯೂ ಇತ್ತು. ಡಾಕ್ಟರ್ ಎಂದು ಕರೆಸಿಕೊಂಡ ಈತ ದಿನ ತುಂಬುವ ಮೊದಲೇ ಹುಟ್ಟಿದ ಕೂಸುಗಳನ್ನು ಇನ್‌ಕ್ಯುಬೇಟರ್ ಪೆಟ್ಟಿಗೆಗಳಲ್ಲಿಟ್ಟು ಜನರಿಗೆ ತೋರಿಸಿದ. ಅಮೆರಿಕದ ಬಹುಪಾಲು ಆಸ್ಪತ್ರೆಗಳು ಅಂಥ ಕೂಸುಗಳ ಆಸೆ ಬಿಟ್ಟುಬಿಡುತ್ತಿದ್ದ ಕಾಲವದು. ತಂದೆತಾಯಿಯಿಂದ ಅವನು ಒಂದು ಕಾಸೂ ತೆಗೆದುಕೊಳ್ಳಲಿಲ್ಲ. ನೋಡಲು ಬಂದವರು ಕೊಟ್ಟ 25 ಸೆಂಟಿನಲ್ಲಿ ದಾದಿಯರ ಸಂಬಳ, ಹಾಲು, ಬಿಸಿಗಾಳಿ ಎಲ್ಲ ನಡೆಯಿತು. ಅವನ ಸ್ವಂತ ಮಗಳೂ ಅವಧಿಗೆ ಮುಂಚೆ ಹುಟ್ಟಿ ಅದೇ ಪೆಟ್ಟಿಗೆಯಲ್ಲಿ ಬದುಕಿದಳು. 1911ರ ಮೇ 27ರ ನಸುಕಿನಲ್ಲಿ ಡ್ರೀಮ್‌ಲ್ಯಾಂಡಿನ ‘ಹೆಲ್ ಗೇಟ್’ ಸವಾರಿಯಲ್ಲಿ ರಿಪೇರಿ ಮಾಡುತ್ತಿದ್ದಾಗ ಬಿಸಿ ಡಾಂಬರು ಚೆಲ್ಲಿ ಬೆಂಕಿ ಹತ್ತಿತು, ಬೆಳಗಾಗುವಷ್ಟರಲ್ಲಿ ಇಡೀ ಪಾರ್ಕು ಬೂದಿ. ಅಲ್ಲಿದ್ದ ಕೌನಿಯ ಕೂಸುಗಳನ್ನು ಮಾತ್ರ ಒಂದೂ ಬಿಡದೆ ಹೊತ್ತು ಹೊರತಂದರು. ನಾಲ್ಕು ದಶಕ ನಡೆದ ಅವನ ಪ್ರದರ್ಶನಗಳಲ್ಲಿ ಸುಮಾರು 8,000 ಕೂಸುಗಳು ಬಂದವು, ಸುಮಾರು 6,500 ಬದುಕಿದವು ಎಂಬ ಲೆಕ್ಕವಿದೆ. ಜಾತ್ರೆಯ ಟಿಕೆಟ್ಟು ಆಸ್ಪತ್ರೆ ನಡೆಸಿದ ಇಂಥ ಉದಾಹರಣೆ ನನಗೆ ಬೇರೆಲ್ಲೂ ಸಿಕ್ಕಿಲ್ಲ.

1920ರಲ್ಲಿ ಸಬ್‌ವೇ ರೈಲು ಕೋನಿ ಐಲೆಂಡಿಗೆ ನೇರ ಬಂತು. ಚಾರ್ಜು 5 ಸೆಂಟ್. ನೇಥನ್ಸ್ ಅಂಗಡಿಯ ಹಾಟ್ ಡಾಗ್ ಕೂಡ 5 ಸೆಂಟ್. ವಂಡರ್ ವೀಲ್ ಎಂಬ ದೈತ್ಯ ಚಕ್ರ ತಿರುಗತೊಡಗಿದ್ದೂ ಅದೇ ವರ್ಷ, ಸೈಕ್ಲೋನ್ ರೋಲರ್ ಕೋಸ್ಟರ್ ಬಂದದ್ದು 1927ರಲ್ಲಿ. ಇಟಲಿಯವರು, ಯಹೂದಿಗಳು, ಐರಿಷರು, ಹೊಲಿಗೆ ಕಾರ್ಖಾನೆಯ ಹುಡುಗಿಯರು, ಎಲ್ಲ ಒಂದೇ ಮರಳಿನ ಮೇಲೆ. ಗೇಟಿಲ್ಲದ ಮನರಂಜನೆ ಅದು.

ಫ್ಲೈಷರ್ ಸ್ಟುಡಿಯೋದ ಕಾರ್ಟೂನುಗಳಿಗೆ ಈ ಊರಿನ ಗಲಾಟೆಯೇ ಉಸಿರು. ಅಣ್ಣತಮ್ಮಂದಿರು 1921ರಲ್ಲಿ ಸ್ವಂತ ಸ್ಟುಡಿಯೋ ಕಟ್ಟಿದರು, ಮುಂದೆ 1600 ಬ್ರಾಡ್‌ವೇಯಲ್ಲಿ ನೆಲೆ ನಿಂತರು. 1924ರಿಂದ ಪರದೆಯ ಮೇಲೆ ಹಾಡಿನ ಸಾಲುಗಳನ್ನು ತೋರಿಸಿ, ಪದದಿಂದ ಪದಕ್ಕೆ ಪುಟಿಯುವ ಚೆಂಡನ್ನು ಬಿಟ್ಟು ಇಡೀ ಥಿಯೇಟರನ್ನು ಹಾಡಿಸಿದರು. ಲೀ ಡಿ ಫಾರೆಸ್ಟ್‌ನ ಫೋನೊಫಿಲ್ಮ್ ತಂತ್ರದಲ್ಲಿ ಚಿತ್ರದ ಜತೆಗೇ ಸದ್ದು ಸೇರಿಸಿದ ಕಾರ್ಟೂನನ್ನು ಅವರು 1926ರಲ್ಲೇ ಮಾಡಿದ್ದರು. ‘ಸ್ಟೀಮ್‌ಬೋಟ್ ವಿಲ್ಲಿ’ಗಿಂತ ಎರಡು ವರ್ಷ ಮೊದಲು. ಇದನ್ನು ಹೇಳಿದರೆ ಪ್ರತಿ ಬ್ಯಾಚಿನಲ್ಲೂ ನಂಬದವರು ಒಬ್ಬಿಬ್ಬರು ಇದ್ದೇ ಇರುತ್ತಾರೆ.

1930ರಲ್ಲಿ ಬೆಟ್ಟಿ ಬೂಪ್ ಎಂಬ ಕಾರ್ಟೂನು ಹುಡುಗಿ ಬಂದಳು. 1932ರ ‘ಮಿನ್ನೀ ದ ಮೂಚರ್’ ಕಾರ್ಟೂನನ್ನು ನಾನು ತರಗತಿಯಲ್ಲಿ ಫ್ರೇಮ್ ಫ್ರೇಮಾಗಿ ನಿಲ್ಲಿಸಿ ತೋರಿಸುತ್ತೇನೆ. ಶುರುವಿನಲ್ಲಿ ಕ್ಯಾಬ್ ಕ್ಯಾಲೊವೇ ಎಂಬ ಕಪ್ಪು ಗಾಯಕ ತನ್ನ ವಾದ್ಯಮೇಳದ ಮುಂದೆ ಕುಣಿಯುತ್ತಾನೆ, ಅದು ನಿಜದ ಸಿನಿಮಾ. ಆಮೇಲೆ ಬೆಟ್ಟಿಯ ಮನೆ. ಊಟದ ಮೇಜಿನ ಮುಂದೆ ವಲಸಿಗರ ಉಚ್ಚಾರಣೆಯಲ್ಲಿ ಬೈಯುವ ಅಪ್ಪ, ಉಣ್ಣಲೊಲ್ಲದ ಮಗಳು. ಮನೆ ಬಿಟ್ಟು ಓಡಿದ ಅವಳು ಗುಹೆ ಹೊಕ್ಕಾಗ ಅಲ್ಲಿ ಒಂದು ಕಡಲಾನೆಯ ಭೂತ ಎದ್ದು ಹಾಡುತ್ತದೆ. ಆ ಭೂತದ ಮೈಯೊಳಗೆ ಇರುವುದು ಕ್ಯಾಲೊವೇ. ಹಿಂದಕ್ಕೆ ಜಾರುವ ಹೆಜ್ಜೆ, ತೂಗುವ ತೋಳು, ಸೊಂಟದ ತಿರುವು ಎಲ್ಲವನ್ನೂ ರೋಟೊಸ್ಕೋಪಿನಲ್ಲಿ ಇಳಿಸಿದ್ದಾರೆ. ಮನುಷ್ಯನ ಭಾರ ದೈತ್ಯ ಪ್ರಾಣಿಯೊಂದರ ಕಾಲಿಗೆ ಬಂದು ಕೂತಾಗ ಹುಟ್ಟುವ ದಿಗಿಲು ಯಾವ ಕೀ ಡ್ರಾಯಿಂಗಿನಿಂದಲೂ ಬರುವಂಥದ್ದಲ್ಲ. ಕ್ಯಾಲೊವೇ ಹಾಡುತ್ತಿದ್ದ ಹಾರ್ಲೆಮ್ಮಿನ ಕಾಟನ್ ಕ್ಲಬ್ಬಿನಲ್ಲಿ ವೇದಿಕೆಯ ಮೇಲೆ ಕಪ್ಪು ಜನ, ಕೆಳಗಿನ ಕುರ್ಚಿಗಳಲ್ಲಿ ಬಿಳಿಯರಷ್ಟೇ. ಕಾರ್ಟೂನು ಆ ಸಂಗೀತವನ್ನು ಸಣ್ಣ ಊರಿನ ಥಿಯೇಟರುಗಳಿಗೂ ಕೊಂಡೊಯ್ದಿತು. ಅದೇ ವರ್ಷ ಲೂಯಿ ಆರ್ಮ್‌ಸ್ಟ್ರಾಂಗ್ ಇದ್ದ ಕಾರ್ಟೂನಿನಲ್ಲಿ ಅದೇ ಸ್ಟುಡಿಯೋ ಕಪ್ಪು ಜನರನ್ನು ನರಭಕ್ಷಕರಂತೆ ಚಿತ್ರಿಸಿ ನಾಚಿಕೆಗೇಡಿನ ಕೆಲಸ ಮಾಡಿತು. ಎರಡೂ ಅವರದೇ. ಎರಡನ್ನೂ ತೋರಿಸದೆ ಈ ಪಾಠ ಮಾಡಬಾರದು.

1933ರಲ್ಲಿ ಪಾಪೈ ಎಂಬ ನಾವಿಕ ಸೇರಿಕೊಂಡ. ಜನಪ್ರಿಯತೆಯಲ್ಲಿ ಡಿಸ್ನಿಯ ಇಲಿ ಮಿಕ್ಕಿಗೆ ಸಮಸಮನಾಗಿ ನಿಂತ. ಮುಂದೆ ಅವನ ಗೊಣಗಾಟದ ದನಿಯಾದವನು ಜ್ಯಾಕ್ ಮರ್ಸರ್. ಈತ ಅದೇ ಸ್ಟುಡಿಯೋದಲ್ಲಿ ಇನ್‌ಬಿಟ್ವೀನ್ ಎಳೆಯುತ್ತಿದ್ದವನು. 1933ರಲ್ಲೇ ಲಿಲಿಯನ್ ಫ್ರೀಡ್‌ಮನ್ ಅಲ್ಲಿ ಅನಿಮೇಟರ್ ಆದಳು. ಅಮೆರಿಕದ ಸ್ಟುಡಿಯೋಗಳಲ್ಲಿ ಆ ಕೆಲಸ ಸಿಕ್ಕ ಮೊದಲ ಹೆಂಗಸರಲ್ಲಿ ಆಕೆಯ ಹೆಸರು ಬರುತ್ತದೆ. ಡಿಸ್ನಿಯಲ್ಲಿ ಆಗ ಹೆಂಗಸರಿಗೆ ಇದ್ದ ಜಾಗ ಇಂಕ್ ಅಂಡ್ ಪೇಂಟ್ ವಿಭಾಗ. ನಾನು ಕಸುಬಿಗೆ ಬಂದಾಗಲೂ ಹುಡುಗಿಯರನ್ನು ಮೊದಲು ಕೂರಿಸುತ್ತಿದ್ದದ್ದು ಕ್ಲೀನ್‌ಅಪ್ ಮತ್ತು ಬಣ್ಣದ ಕಡೆಗೇ. ಹಾಗಾಗಿ ಲಿಲಿಯನ್‌ಳ ಹೆಸರನ್ನು ನಾನು ಎಂದೂ ಬಿಡುವುದಿಲ್ಲ.

ಇನ್ನೊಂದು ಯಂತ್ರದ ಮಾತು. ಮ್ಯಾಕ್ಸ್ ತಿರುಗುವ ಮೇಜಿನ ಮೇಲೆ ಬೆಟ್ಟ, ಮನೆ, ಗುಹೆಗಳ ಪುಟ್ಟ ಸೆಟ್ ನಿಲ್ಲಿಸಿ, ಅದರ ಮುಂದೆ ಗಾಜಿನ ನಡುವೆ ಸೆಲ್, ಅಂದರೆ ಪಾತ್ರ ಬರೆದ ಪಾರದರ್ಶಕ ಹಾಳೆ, ಹಿಡಿದು ಅಡ್ಡಲಾಗಿ ಚಿತ್ರೀಕರಿಸಿದ. ಪಾತ್ರ ನಡೆದಂತೆ ಹಿಂದಿನ ಲೋಕ ನಿಜವಾಗಿಯೂ ತಿರುಗಿತು. 1936ರ ಸಿಂದಬಾದ್ ಪಾಪೈಯಲ್ಲಿ ಅದನ್ನು ನೋಡಬಹುದು. ಚಿತ್ರಕ್ಕೆ ಆಳ ತರಲು ಡಿಸ್ನಿ ಬಳಸಿದ ಮಲ್ಟಿಪ್ಲೇನ್ ಕ್ಯಾಮೆರಾ ಬಂದದ್ದು ಮರುವರ್ಷ.

ಇಷ್ಟಿದ್ದೂ ಹೇಗೆ ಸೋತರು? ಬುದ್ಧಿ ಸಾಲದೆ ಸೋತದ್ದಲ್ಲ. ಡಿಸ್ನಿ ತನ್ನ ಕಲಾವಿದರಿಗೆ ಶಾಲೆಯನ್ನೇ ನಡೆಸಿದ, ಕಥೆಯನ್ನು ವರ್ಷಗಟ್ಟಲೆ ತಿದ್ದಿದ, ಆ ಶ್ರಮಕ್ಕೆ ಕೈಮುಗಿಯಬೇಕು. ಆದರೆ ಮೂರು ಬಣ್ಣದ ಟೆಕ್ನಿಕಲರ್ ಮೇಲೆ ಅವನಿಗೆ ಕಾರ್ಟೂನುಗಳ ಮಟ್ಟಿಗೆ 1935ರವರೆಗೆ ಏಕಸ್ವಾಮ್ಯವೂ ಇತ್ತು. ಬೆಟ್ಟಿಯ ಒಂದೇ ಒಂದು ಬಣ್ಣದ ಚಿತ್ರ, 1934ರ ‘ಪೂರ್ ಸಿಂಡರೆಲ್ಲಾ’, ಎರಡು ಬಣ್ಣದ ಸಿನೆಕಲರ್‌ನಲ್ಲಿ ತೃಪ್ತಿ ಪಟ್ಟುಕೊಳ್ಳಬೇಕಾಯಿತು. ಅದೇ 1934ರಲ್ಲಿ ಸಿನಿಮಾ ಶೀಲಸಂಹಿತೆ ಬಿಗಿಯಾಗಿ, ಬೆಟ್ಟಿಯ ಲಂಗ ಉದ್ದವಾಯಿತು, ಜ್ಯಾಝ್ ಮರೆಯಾಯಿತು, ಅವಳು ನಾಯಿಮರಿ ಸಾಕುವ ಮನೆವಂತೆಯಾದಳು.

ನಿಜವಾದ ಕವಲುದಾರಿ 1937. ಇನ್‌ಬಿಟ್ವೀನರ್‌ಗಳ ಸಂಬಳ ಕಡಿಮೆ, ದುಡಿಮೆಯ ಹೊತ್ತು ಹೆಚ್ಚು. ಎರಡು ವರ್ಷ ಹಿಂದೆ ಸ್ಟುಡಿಯೋದ ಯುವಕನೊಬ್ಬ ಕ್ಷಯದಿಂದ ತೀರಿಹೋದಾಗ, ಅಲ್ಲಿ ಗಾಳಿಯಿಲ್ಲದ ಕೋಣೆಗಳ ಮಾತು ಎದ್ದಿತ್ತು. ಸಂಘ ಕಟ್ಟಿದವರನ್ನು ಕೆಲಸದಿಂದ ತೆಗೆದರು. ಮೇ ತಿಂಗಳಲ್ಲಿ ಮುಷ್ಕರ ಶುರುವಾಯಿತು, ಅಮೆರಿಕದ ಅನಿಮೇಷನ್ ಉದ್ಯಮದ ಮೊದಲ ದೊಡ್ಡ ಮುಷ್ಕರ. ಬ್ರಾಡ್‌ವೇ ಫುಟ್‌ಪಾತಿನಲ್ಲಿ ಫಲಕ ಹಿಡಿದು ನಿಂತವರು ಐದು ತಿಂಗಳು ಬಗ್ಗಲಿಲ್ಲ. ಅಕ್ಟೋಬರಿನಲ್ಲಿ ಮ್ಯಾಕ್ಸ್ ಸಂಘದ ಜತೆ ಒಪ್ಪಂದ ಮಾಡಿಕೊಂಡ. ಡ್ರಾಯಿಂಗ್ ಲೆಕ್ಕದಲ್ಲಿ ಸಂಬಳ ಎಣಿಸಿಕೊಂಡ ನನಗೆ ಆ ಹುಡುಗರ ಪಟ್ಟು ಮೈಯೊಳಗೇ ಅರ್ಥವಾಗುತ್ತದೆ.

ಒಪ್ಪಂದವಾಗಿ ವರ್ಷ ತುಂಬುವ ಹೊತ್ತಿಗೆ, 1938ರಲ್ಲಿ, ಇಡೀ ಸ್ಟುಡಿಯೋ ಫ್ಲಾರಿಡಾದ ಮಯಾಮಿಗೆ ಎದ್ದುಹೋಯಿತು. ಅವರ ಚಿತ್ರಗಳನ್ನು ಹಂಚುತ್ತಿದ್ದ ಪ್ಯಾರಮೌಂಟ್ ಕಂಪನಿಯ ಸಾಲ, ಹೊಸ ಕಟ್ಟಡ, ಸಂಘಗಳಿಗೆ ಬಲವಿಲ್ಲದ ಊರು. ‘ಸ್ನೋ ವೈಟ್’ ಗೆದ್ದಿತ್ತು, ಪ್ಯಾರಮೌಂಟಿಗೂ ಪೂರ್ಣಪ್ರಮಾಣದ ಚಿತ್ರ ಬೇಕಿತ್ತು. ಸಿಬ್ಬಂದಿ ಸುಮಾರು 700ಕ್ಕೆ ಏರಿತು. 1939ರ ಡಿಸೆಂಬರಿನಲ್ಲಿ ‘ಗಲಿವರ್ಸ್ ಟ್ರಾವೆಲ್ಸ್’ ಬಂತು, ಹಣವನ್ನೂ ಗಳಿಸಿತು. ಆದರೆ ಅದರಲ್ಲಿ ಬ್ರಾಡ್‌ವೇಯ ಗಲಾಟೆ ಇಲ್ಲ. ಡಿಸ್ನಿಯಂತೆ ಆಗಲು ಹೋದ ಚಿತ್ರ ಅದು. ಅಣ್ಣತಮ್ಮಂದಿರ ನಡುವೆ ಮಾತು ನಿಂತಿತು. 1941ರ ಸೂಪರ್‌ಮ್ಯಾನ್ ಸರಣಿ ಬೇಡವೆನಿಸಿ, ಪ್ಯಾರಮೌಂಟ್ ಹಿಂದೆ ಸರಿಯಲಿ ಎಂದೇ ಒಂದು ಚಿತ್ರಕ್ಕೆ ಒಂದು ಲಕ್ಷ ಡಾಲರ್ ಕೇಳಿದರು, 50,000ಕ್ಕೆ ಕುದುರಿತು. ಆ ಚಿತ್ರಗಳ ನೆರಳು ಬೆಳಕು ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಅದೇ ವರ್ಷ ಸ್ಟುಡಿಯೋ ಪ್ಯಾರಮೌಂಟಿನ ಕೈಸೇರಿತು. ಅವರ ಕೊನೆಯ ದೊಡ್ಡ ಚಿತ್ರ ‘ಮಿಸ್ಟರ್ ಬಗ್ ಗೋಸ್ ಟು ಟೌನ್’ ತೆರೆಗೆ ಬಂದದ್ದು 1941ರ ಡಿಸೆಂಬರಿನಲ್ಲಿ, ಪರ್ಲ್ ಹಾರ್ಬರ್ ದಾಳಿಯ ದಿನಗಳಲ್ಲೇ. ಮುಳುಗಿಹೋಯಿತು. ಅಣ್ಣತಮ್ಮಂದಿರು ಹೊರಬಿದ್ದರು, ಪ್ಯಾರಮೌಂಟ್ ಸ್ಟುಡಿಯೋಗೆ ಬೇರೆ ಹೆಸರಿಟ್ಟು ನ್ಯೂಯಾರ್ಕಿಗೇ ವಾಪಸು ತಂದಿತು. ಹೋದದ್ದೇ ಬೇಕಿರಲಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹೋಗದೇ ಇದ್ದಿದ್ದರೆ? ನಾನು ಇದನ್ನು ಬಹಳ ಸಲ ಯೋಚಿಸಿದ್ದೇನೆ. ಸಂಘದೊಂದಿಗೆ ಬಾಳುವೆ ಕಲಿತ ಸ್ಟುಡಿಯೋ ಬ್ರಾಡ್‌ವೇಯಲ್ಲೇ ಉಳಿಯುತ್ತಿತ್ತು. ಕಟ್ಟಡಕ್ಕೂ 700 ಜನರಿಗೂ ಆದ ಸಾಲ ಹೆಗಲ ಮೇಲಿರುತ್ತಿರಲಿಲ್ಲ. ಮೊದಲ ದೊಡ್ಡ ಚಿತ್ರ ಲಿಲಿಪುಟ್ಟಿನದಾಗಿರದೆ ‘ಮಿಸ್ಟರ್ ಬಗ್’ನಂಥದ್ದೇ ಆಗಿರುತ್ತಿತ್ತು. ಅದರ ಕಥೆ ನೋಡಿ: ಮ್ಯಾನ್‌ಹಟನ್ನಿನ ಒಂದು ಪಾಳು ನಿವೇಶನದಲ್ಲಿ ಬದುಕುವ ಹುಳುಹುಪ್ಪಟೆಗಳು, ಅಲ್ಲಿ ಏಳುವ ಗಗನಚುಂಬಿ ಕಟ್ಟಡ, ಮನೆ ಕಳೆದುಕೊಂಡವರು ತುದಿಯ ತಾರಸಿ ತೋಟಕ್ಕೆ ಏರುವುದು. ಬೆಂಗಳೂರಿನಲ್ಲಿ ಇದನ್ನು ತೋರಿಸಿದರೆ ವಿವರಣೆಯೇ ಬೇಕಾಗುವುದಿಲ್ಲ. 1941ರಲ್ಲಿ ಡಿಸ್ನಿಯಲ್ಲೂ ಮುಷ್ಕರವಾಗಿ ಒಳ್ಳೊಳ್ಳೆ ಕಲಾವಿದರು ಹೊರಬಂದರು, ಅವರಲ್ಲಿ ಕೆಲವರು ಮುಂದೆ ಯುಪಿಎ ಎಂಬ ಸ್ಟುಡಿಯೋ ಕಟ್ಟಿದರು. ಸಂಘವಿದ್ದ ನ್ಯೂಯಾರ್ಕ್ ಸ್ಟುಡಿಯೋ ಒಂದು ಇದ್ದಿದ್ದರೆ ಅವರಲ್ಲಿ ಹಲವರು ರೈಲು ಹತ್ತಿ ಪೂರ್ವಕ್ಕೆ ಬರುತ್ತಿದ್ದರು. ಅಮೆರಿಕದ ಕಾರ್ಟೂನು ಕಾಡು, ಕೋಟೆ, ರಾಜಕುಮಾರಿಯರ ಜತೆಗೆ ಬೀದಿ, ಬಾಡಿಗೆ ಮನೆ, ಜ್ಯಾಝ್ ಕ್ಲಬ್ಬುಗಳನ್ನೂ ದೊಡ್ಡ ಚಿತ್ರಗಳಲ್ಲಿ ಕಾಣುತ್ತಿತ್ತು.

ಡಿಸ್ನಿಲ್ಯಾಂಡ್ ಎಂಬ ಪಾರ್ಕಿನ ಕಥೆಗೂ ಇದೇ ಕೀಲಿ. ವಾಲ್ಟ್ ಡಿಸ್ನಿ ಕೋನಿ ಐಲೆಂಡಿಗೆ ಹೋಗಿ ನೋಡಿ, ಹಾಗಿರಬಾರದು ಎಂದುಕೊಂಡು ಬಂದವನು. ಹ್ಯಾರಿಸನ್ ಪ್ರೈಸ್ ಎಂಬ ಅರ್ಥಶಾಸ್ತ್ರಜ್ಞ 1953ರಲ್ಲಿ ಜನಸಂಖ್ಯೆ, ಹವೆ, ಹೆದ್ದಾರಿಗಳನ್ನು ಅಳೆದು ಅನಾಹೈಮ್‌ನ ಕಿತ್ತಳೆ ತೋಟಗಳನ್ನು ಸೂಚಿಸಿದ. ಮುಂದೆ ಸಾಂತಾ ಅನಾ ಫ್ರೀವೇ ಹಾದುಹೋಗುವ ಜಾಗ. 160 ಎಕರೆ, ಅದರಲ್ಲಿ ಬಹುಭಾಗ ಕಾರುಗಳಿಗೆ. ಸುತ್ತ ಮಣ್ಣಿನ ಏರಿ, ಒಂದೇ ಬಾಗಿಲು. 1955ರ ಜುಲೈ 17ರಂದು ತೆರೆಯಿತು, ಸುಮಾರು 1 ಕೋಟಿ 70 ಲಕ್ಷ ಡಾಲರ್ ಖರ್ಚಾಗಿತ್ತು. ಕಾರಿಲ್ಲದವನಿಗೆ ಅದು ದೂರದ ಊರು.

ಆ ದುಡ್ಡಿನಲ್ಲಿ ಒಂದು ಪಾಲು ಎಲ್ಲಿಂದ ಬಂತೆಂಬುದು ಈ ಇಡೀ ಚರಿತ್ರೆಯಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ. ಎಬಿಸಿ ಟೀವಿ ಜಾಲ ಐದು ಲಕ್ಷ ಡಾಲರ್ ಹೂಡಿತು, ಸಾಲಗಳಿಗೂ ಜಾಮೀನು ನಿಂತಿತು. ಎಬಿಸಿಯನ್ನು ಆಗ ನಡೆಸುತ್ತಿದ್ದವನು ಲಿಯೊನಾರ್ಡ್ ಗೋಲ್ಡನ್‌ಸನ್. ಅವನು ಬಂದದ್ದು ಪ್ಯಾರಮೌಂಟಿನ ಥಿಯೇಟರ್ ಸರಪಳಿಯಿಂದ. 1948ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಥಿಯೇಟರುಗಳು ಸ್ಟುಡಿಯೋದಿಂದ ಬೇರೆಯಾದವು, 1953ರಲ್ಲಿ ಎಬಿಸಿಯೊಂದಿಗೆ ಸೇರಿದವು. ಅಂದರೆ ಬೆಟ್ಟಿಯೂ ಪಾಪೈಯೂ ಯಾವ ಥಿಯೇಟರುಗಳನ್ನು ತುಂಬಿಸಿದ್ದರೋ ಆ ಥಿಯೇಟರುಗಳ ಹಣವೇ ಡಿಸ್ನಿಲ್ಯಾಂಡಿಗೆ ಇಟ್ಟಿಗೆಯಾಯಿತು. ಫ್ಲೈಷರ್ ಸ್ಟುಡಿಯೋ ಬ್ರಾಡ್‌ವೇಯಲ್ಲಿ ಬದುಕಿದ್ದು, ನ್ಯೂಯಾರ್ಕಿನಲ್ಲೇ ಕಚೇರಿಯಿದ್ದ ಎಬಿಸಿ ಮಕ್ಕಳ ಕಾರ್ಯಕ್ರಮ ಹುಡುಕಿಕೊಂಡು ಹೊರಟಿದ್ದರೆ, ಮೊದಲು ತಟ್ಟುತ್ತಿದ್ದ ಬಾಗಿಲು ಇದೇ ಆಗಿರುತ್ತಿತ್ತು ಎಂದು ನನ್ನ ನಂಬಿಕೆ. 1944ರಲ್ಲಿ ಸುಟ್ಟ ಲೂನಾ ಪಾರ್ಕಿನ ಖಾಲಿ ಜಾಗ ರೈಲು ನಿಲ್ದಾಣದ ಹತ್ತಿರವೇ ಇತ್ತು. ಕಾಲ್ನಡಿಗೆಯಲ್ಲಿ ಬರುವವರಿಗೆ ಅಲ್ಲೊಂದು ಪಾಪೈ ಹಡಗು, ಬೆಟ್ಟಿಯ ಹಾಡಿನ ಮಂಟಪ ಏಳುವುದು ಅಸಾಧ್ಯವೇನೂ ಆಗಿರಲಿಲ್ಲ.

ಆದದ್ದು ಬೇರೆ. ನಗರ ಯೋಜನೆಯನ್ನು ಆಳುತ್ತಿದ್ದ ರಾಬರ್ಟ್ ಮೋಸೆಸ್‌ಗೆ ಕೋನಿ ಐಲೆಂಡಿನ ಗದ್ದಲ ಸೇರುತ್ತಿರಲಿಲ್ಲ. ಜನ ಕಾರು ಕೊಂಡು ದೂರದ ತೀರಗಳಿಗೆ ಹೋದರು. ಸ್ಟೀಪಲ್‌ಚೇಸ್ 1964ರಲ್ಲಿ ಮುಚ್ಚಿತು. ಜಾಗ ಕೊಂಡ ಫ್ರೆಡ್ ಟ್ರಂಪ್ 1966ರಲ್ಲಿ ಅದರ ಗಾಜಿನ ಮಂಟಪ ಕೆಡವುವುದಕ್ಕೆ ಅತಿಥಿಗಳನ್ನು ಕರೆದು, ಇಟ್ಟಿಗೆ ಎಸೆಯಲು ಕೊಟ್ಟು ಔತಣ ಮಾಡಿದ. ಇದನ್ನು ಓದಿದಾಗ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬ್ರಾಂಕ್ಸ್‌ನಲ್ಲಿ 1960ರಲ್ಲಿ ಫ್ರೀಡಂಲ್ಯಾಂಡ್ ಎಂಬ ಪಾರ್ಕು ಎದ್ದಿತು. ಡಿಸ್ನಿಲ್ಯಾಂಡ್ ಕಟ್ಟಿ ನಿಲ್ಲಿಸಿದವರಲ್ಲೊಬ್ಬನಾದ ಸಿ. ವಿ. ವುಡ್ ಅದನ್ನು ಅಮೆರಿಕದ ಭೂಪಟದ ಆಕಾರದಲ್ಲಿ ರೂಪಿಸಿದ್ದ. 1964ಕ್ಕೆ ದಿವಾಳಿ. ಈಗ ಅಲ್ಲಿ ಕೋ-ಆಪ್ ಸಿಟಿಯ ವಸತಿ ಗೋಪುರಗಳಿವೆ. ನ್ಯೂಯಾರ್ಕಿನ ನೆಲದಲ್ಲಿ ಕ್ಯಾಲಿಫೋರ್ನಿಯಾದ ಮಾದರಿ ಬೇರೂರಲಿಲ್ಲ, ನ್ಯೂಯಾರ್ಕಿನದೇ ಮಾದರಿಗೆ ಹಣ ಹಾಕುವವರು ಇರಲಿಲ್ಲ.

ಮ್ಯಾಕ್ಸ್‌ನ ಕಾರ್ಟೂನುಗಳು ಐವತ್ತರ ದಶಕದಲ್ಲಿ ಟೀವಿಗೆ ಮಾರಾಟವಾದವು, ಶೀರ್ಷಿಕೆಗಳನ್ನು ತಿದ್ದಲಾಯಿತು. ತನ್ನ ಹೆಸರಿಗಾಗಿ ಅವನು ಕೋರ್ಟಿಗೆ ಹೋದ, ಗೆಲ್ಲಲಿಲ್ಲ. ಅವನ ಮಗ ರಿಚರ್ಡ್ ಫ್ಲೈಷರ್ ನಿರ್ದೇಶಕನಾಗಿದ್ದ. ‘20,000 ಲೀಗ್ಸ್ ಅಂಡರ್ ದ ಸೀ’ ಮಾಡಿಕೊಡು ಎಂದು ಕರೆಬಂದದ್ದು ವಾಲ್ಟ್ ಡಿಸ್ನಿಯಿಂದ. ಮಗ ಅಪ್ಪನನ್ನು ಕೇಳದೆ ಒಪ್ಪಲಿಲ್ಲ. ಮಾಡು ಎಂದ ಮ್ಯಾಕ್ಸ್. 1954ರಲ್ಲಿ ಚಿತ್ರ ಬಂತು, ಅದರ ಸೆಟ್‌ಗಳನ್ನು ಮರುವರ್ಷ ಡಿಸ್ನಿಲ್ಯಾಂಡಿನ ಟುಮಾರೋಲ್ಯಾಂಡಿನಲ್ಲಿ ಜನರಿಗೆ ತೋರಿಸಿದರು. ಆ ದಿನಗಳಲ್ಲಿ ವಾಲ್ಟ್ ಮ್ಯಾಕ್ಸ್‌ನನ್ನು ಸ್ಟುಡಿಯೋಗೆ ಕರೆಸಿ ಊಟಕ್ಕೆ ಕೂರಿಸಿದ. ಜತೆಗೆ ಕೂತವರು ಡಿಸ್ನಿಯ ಕಲಾವಿದರು, ಒಂದು ಕಾಲಕ್ಕೆ 1600 ಬ್ರಾಡ್‌ವೇಯಲ್ಲಿ ಮ್ಯಾಕ್ಸ್‌ನ ಕೈಕೆಳಗೆ ಕೆಲಸ ಮಾಡಿದವರು. ಬ್ರಾಡ್‌ವೇಯಿಂದ ಡಿಸ್ನಿಗೆ ಈ ವಲಸೆ ಬಹಳ ಮೊದಲೇ ಶುರುವಾಗಿತ್ತು: ಬೆಟ್ಟಿಯನ್ನು ರೂಪಿಸಿದ ಗ್ರಿಮ್ ನಾಟ್‌ವಿಕ್ ಸ್ನೋ ವೈಟ್‌ಳನ್ನು ಚಲಿಸುವಂತೆ ಮಾಡಿದ್ದ. ಕುಳ್ಳರು ಸಾಲಾಗಿ ಮನೆಗೆ ಮರಳುವ ಆ ಪ್ರಸಿದ್ಧ ನಡಿಗೆಯನ್ನು ಬರೆದ ಶೇಮಸ್ ಕಲ್ಹೇನ್ ಕೂಡ ಫ್ಲೈಷರ್ ಸ್ಟುಡಿಯೋದವನೇ.